ಖೋಬಾರಿನ ಮೇಜಿಗೆ ಬಂದ ರಾಕ್ಷಸ

ಗುರುವಾರ ರಾತ್ರಿಯ ಇಶಾ ನಮಾಜು ಮುಗಿಯಿತೆಂದರೆ ಅಲ್ ಖೋಬಾರಿನ ಕಾರ್ನಿಶ್ ತುಂಬತೊಡಗುತ್ತದೆ. ಮರುದಿನ ರಜೆ, ಅದರ ಮರುದಿನವೂ ರಜೆ. ಊರಿಗೆ ಊರೇ ಚಾಪೆ ಸುತ್ತಿ ಕಂಕುಳಲ್ಲಿಟ್ಟು, ಥರ್ಮಾಸು ಹಿಡಿದು, ಮಕ್ಕಳನ್ನು ಮುಂದೆ ಅಟ್ಟಿಕೊಂಡು ಕಡಲಿನ ಕಡೆಗೆ ಇಳಿಯುತ್ತದೆ. ತೆಂಕಣ ದಿಕ್ಕಿನ ಕತ್ತಲಲ್ಲಿ ಬಹರೈನಿಗೆ ಹೋಗುವ 25 ಕಿಲೋಮೀಟರಿನ ಸೇತುವೆ. ಈಚೆ ಹುಲ್ಲಿನ ಮೇಲೆ ಏಲಕ್ಕಿ ಬಿದ್ದ ಗಹ್ವಾದ ಪರಿಮಳ, ಸುಟ್ಟ ಜೋಳದ ಹೊಗೆ, ಕಾಲಿಗೆ ಸಿಗುವ ಸೂರ್ಯಕಾಂತಿ ಬೀಜದ ಸಿಪ್ಪೆ. ಗಾಳಿ ಬಿದ್ದುಹೋದ ದಿನವಾದರೆ ಮಂಗಳೂರಿನವರೂ ಸೋಲೊಪ್ಪುವ ಸೆಖೆ. ಕನ್ನಡಕ ತೆಗೆದು ಒರೆಸಿ ಹಾಕುವಷ್ಟರಲ್ಲಿ ಮತ್ತೆ ಮಂಜು.

ಗಂಡಸರ ಚಾಪೆಗಳಲ್ಲಿ ನಡೆಯುವುದು ಬಲೂತ್. 32 ಎಲೆ, ನಾಲ್ಕು ಜನ, ಎದುರು ಕೂತವನೇ ಜೊತೆಗಾರ. ತುರುಪು ಹೇಳಿದರೆ ಹುಕುಮ್, ತುರುಪಿಲ್ಲದೆ ಆಡಿದರೆ ಸನ್. ಹುಕುಮ್ ಆದ ಬಣ್ಣದಲ್ಲಿ ಎಲ್ಲಕ್ಕಿಂತ ಮೇಲು ಗುಲಾಮ, ಅವನ ಕೆಳಗೆ ಒಂಬತ್ತು, ಆಮೇಲೆ ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ಕಾಸರಗೋಡು, ಪುತ್ತೂರು, ಮಂಗಳೂರು ಕಡೆ ಇಪ್ಪತ್ತೆಂಟು ಆಡಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯೂ 32 ಎಲೆ, ಅದೇ ಅನುಕ್ರಮ, ರಾಜನನ್ನು ಹೊಡೆದು ಹಾಕುವ ಅದೇ ಗುಲಾಮ. ಬಲೂತಿನ ಮೂಲ ಫ್ರಾನ್ಸಿನ ಬೆಲೋತ್ ಆಟದಲ್ಲಿದೆ. ಅದನ್ನು ಹಿಜಾಝಿಗೆ ಹೊತ್ತು ತಂದವರು ಹಿಂದೂಸ್ತಾನದಿಂದ ಬಂದವರು ಎನ್ನುವ ಮಾತೂ ಇಲ್ಲಿ ಚಾಲ್ತಿಯಲ್ಲಿದೆ. ಯಾರೇ ತಂದಿರಲಿ, ತರುವಾಗ ಯಾರ ಅಪ್ಪಣೆಯನ್ನೂ ಕೇಳಿರಲಾರರು. ಸ್ವಲ್ಪ ಆಚೆ, ದೀಪದ ಕಂಬದ ಬುಡದಲ್ಲಿ, ಕೆಲಸದ ಬಟ್ಟೆ ಬದಲಿಸಿ ಬಂದ ಹುಡುಗರು ಕೇರಂ ಹೊಡೆಯುತ್ತಾರೆ. ಇದೂ ನಮ್ಮ ಕಡೆಯಿಂದ ಹೋದ ಆಟವೇ. ಈಗ ಸೌದಿಗಳ ಮನೆಯಲ್ಲೂ ಕೇರಂ ಬೋರ್ಡಿದೆ, ಅವರಿಗೆ ಅದು ಅವರದೇ ಆಟ.

ನಾನು ಹೇಳಹೊರಟಿರುವ ಆಟ ನಡೆಯುವುದು ಕಾರ್ನಿಶ್ ಬಿಟ್ಟು ಎರಡು ಬೀದಿ ಒಳಗೆ, ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ. ಗೋಡೆಯುದ್ದಕ್ಕೂ ಆಟದ ಪೆಟ್ಟಿಗೆಗಳು: ಕಟಾನ್, ರಿಸ್ಕ್, ಗೋಲಿ ಮತ್ತು ಇಸ್ಪೀಟು ಸೇರಿಸಿ ಆಡುವ ಜಕಾರೂ. ಕಿಟಕಿಯ ಪಕ್ಕದ ದೊಡ್ಡ ಮೇಜಿಗೆ ಪ್ರತಿ ವಾರ ಅದೇ ಆರು ಜನ. ಯಜಮಾನಿಕೆಯ ಕುರ್ಚಿಯಲ್ಲಿ ತೈಲ ಕಂಪನಿಯೊಂದರ ಎಂಜಿನಿಯರ್ ಆಗಿರುವ ಸೌದಿ ಯುವಕ. ಬಲಗಡೆ ದಂತವೈದ್ಯಕೀಯ ಓದುತ್ತಿರುವ ಹುಡುಗಿ, ಅವಳ ಅಣ್ಣ. ಎಡಗಡೆ ಫಿಲಿಪೀನ್ಸಿನ ಒಬ್ಬ ನರ್ಸ್, ಒಬ್ಬ ಈಜಿಪ್ಷಿಯನ್ ಲೆಕ್ಕಿಗ. ಕೊನೆಯಲ್ಲಿ ಜುಬೈಲಿನಲ್ಲಿ ಹುಟ್ಟಿ ಬೆಳೆದ ನಮ್ಮ ಸುರತ್ಕಲ್ ಕಡೆಯ ಹುಡುಗ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅವನೇ. ಇಂಥ ಮೇಜು ಇಂಥ ಜಾಗದಲ್ಲಿ ಬಹಳ ಹಳೆಯದಲ್ಲ. 2019ರ ಡಿಸೆಂಬರಿನವರೆಗೆ ಸೌದಿಯ ಹೋಟೆಲುಗಳಿಗೆ ಎರಡು ಬಾಗಿಲು ಇರಬೇಕಿತ್ತು: ಸಂಸಾರಸ್ಥರಿಗೆ ಒಂದು, ಒಂಟಿ ಗಂಡಸರಿಗೆ ಇನ್ನೊಂದು. ಆ ನಿಯಮ ಸಡಿಲವಾಗುವವರೆಗೆ ಈ ಆರು ಜನ ಒಂದೇ ಮೇಜಿಗೆ ಕೂರುವುದು ಮನೆಯೊಳಗೋ ಕಾಂಪೌಂಡಿನೊಳಗೋ ಆಗಬಹುದಿತ್ತು, ಕಿಟಕಿಯ ಪಕ್ಕ ಅಲ್ಲ.

ಮೇಜಿನ ಮೇಲೆ ಆಟದ ಮಣೆ ಇಲ್ಲ. ಚೌಕ ಗೆರೆ ಹೊಡೆದ ಒಂದು ಹಾಳೆ, ಪೆನ್ಸಿಲ್, ಸುಕ್ಕರಿ ಖರ್ಜೂರದ ತಟ್ಟೆ, ದಾಳಗಳು. ನಾಲ್ಕು ಮುಖದ್ದು, ಆರರದು, ಎಂಟರದು, ಹತ್ತರದು, ಹನ್ನೆರಡರದು. ಎಲ್ಲಕ್ಕೂ ದೊಡ್ಡಣ್ಣ ಇಪ್ಪತ್ತು ಮುಖದ್ದು. ಯಜಮಾನನ ಮುಂದೆ ಮಡಿಸಿ ನಿಲ್ಲಿಸಿದ ರಟ್ಟಿನ ತೆರೆ. ಅದರ ಹಿಂದೆ ಅವನ ಟಿಪ್ಪಣಿ. ಯಾರೂ ಇಣುಕುವ ಹಾಗಿಲ್ಲ. ಅವನು ಅರ್ಧ ಅರಬ್ಬಿಯಲ್ಲಿ ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಾನೆ: ಒಂಟೆಗಳು ಮುಂದಕ್ಕೆ ಹೋಗಲು ಒಪ್ಪುತ್ತಿಲ್ಲ. ಮುಂದೆ ಪಾಳುಬಿದ್ದ ಛತ್ರ, ಒಳಗೆ ಬೆಳಕು. ಏನು ಮಾಡುತ್ತೀರಿ?

ಆಟವೆಂದರೆ ಇಷ್ಟೆ. ಒಬ್ಬ ಸನ್ನಿವೇಶ ಹೇಳುತ್ತಾನೆ, ಉಳಿದವರು ತಾವು ಹೊತ್ತ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಸುಲಭದ ಕೆಲಸವಾದರೆ ಆಯಿತೆಂದೇ ಲೆಕ್ಕ. ಕಷ್ಟದ್ದಾದರೆ ಇಪ್ಪತ್ತರ ದಾಳ ಉರುಳಬೇಕು; ಬಿದ್ದ ಅಂಕಿಗೆ ಪಾತ್ರದ ಕಸುವನ್ನು ಕೂಡಿಸಿ, ಯಜಮಾನ ಮನಸ್ಸಿನಲ್ಲಿಟ್ಟ ಅಂಕಿಯನ್ನು ಮುಟ್ಟಬೇಕು. ಅನುಕೂಲದ ಸ್ಥಿತಿಯಲ್ಲಿದ್ದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ನರ್ಸಮ್ಮನ ಪಾತ್ರ ಕಳ್ಳತನದಲ್ಲಿ ಪಳಗಿದ್ದು. ಅವಳು ಛತ್ರದ ಹಿಂಗೋಡೆ ಹತ್ತುತ್ತೇನೆಂದಳು, ದಾಳ ಹಾಕಿದಳು, ಮೂರು ಬಿತ್ತು. ಮೇಜಿಡೀ ಹೋ ಎಂದಿತು. ಬಿದ್ದ ಸದ್ದಿಗೆ ಒಳಗಿನವನು ಹೊರಗೆ ಬಂದ.

ಈ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದು ಪಾಶ್ಚಾತ್ಯರ ವಿಚಿತ್ರ ಗೀಳು ಎಂದುಕೊಂಡಿರುವ ಕನ್ನಡಿಗರಿಗೆ ನಾನು ತಾಳಮದ್ದಳೆಯನ್ನು ನೆನಪಿಸುತ್ತೇನೆ. ವೇಷವಿಲ್ಲ, ರಂಗವಿಲ್ಲ, ಕೂತಲ್ಲೇ ಒಬ್ಬ ವಾಲಿ, ಒಬ್ಬ ರಾಮ. ಭಾಗವತರು ಪದ್ಯ ಹೇಳಿ ಸನ್ನಿವೇಶ ಹೊಂದಿಸಿಕೊಡುತ್ತಾರೆ. ಮಾತು ಅಲ್ಲೇ ಹುಟ್ಟಬೇಕು. ಎದುರಿನ ಅರ್ಥಧಾರಿ ಯಾವ ಕಡೆಯಿಂದ ಬರುತ್ತಾನೆಂದು ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ರಾಮನ ಅರ್ಥ ಹೇಳುವವರಿಗೆ ಬೆವರಿಳಿಯುತ್ತಿತ್ತು ಎಂಬ ಮಾತು ಕರಾವಳಿಯಲ್ಲಿ ಇಂದಿಗೂ ಇದೆ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಶೇಣಿಯವರು ವಾದದಲ್ಲಿ ಎಷ್ಟೇ ಗೆದ್ದರೂ ಪ್ರಸಂಗದಲ್ಲಿ ವಾಲಿ ಸಾಯಲೇಬೇಕು. ಖೋಬಾರಿನ ಮೇಜಿನಲ್ಲಿ ವಾಲಿ ಸಾಯುವನೋ ಇಲ್ಲವೋ ದಾಳ ಹೇಳಬೇಕು, ರಾಮನೂ ಸಾಯಬಹುದು. ಇನ್ನೊಂದು ಹೋಲಿಕೆ ಈ ಬರಹಕ್ಕೆ ಬೇಕಾದದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗ ಹಿಡಿದು ಕೂಟ ನಡೆಸಲು ಯಾವ ಸಂಘವೂ ಯಾರಿಗೂ ಅರ್ಜಿ ಹಾಕಿದ್ದಿಲ್ಲ.

ಛತ್ರದಿಂದ ಹೊರಬಂದವನು ವ್ಯಾಪಾರಿ. ರೇಷ್ಮೆಯ ಅಂಗಿ, ಬಾಯಿತುಂಬ ಸ್ವಾಗತ. ಒಳಗೆ ಬನ್ನಿ, ಖರ್ಜೂರ ತಿನ್ನಿ, ಮೂರು ದಿನ ನೀವು ನನ್ನ ಅತಿಥಿಗಳು. ಬದೂವಿನರ ಮರ್ಯಾದೆಯಲ್ಲಿ ಅತಿಥಿಗೆ ಮೂರು ದಿನದ ರಕ್ಷಣೆ ಇದೆ. ಕೇಳದೆ ಸಿಗುತ್ತದೆ, ಮುರಿದವನಿಗೆ ಮುಖ ಉಳಿಯುವುದಿಲ್ಲ. ದಂತವೈದ್ಯೆಗೆ ಮಾತ್ರ ಏನೋ ಅನುಮಾನ. ಅವನ ಕೈ ನೋಡುತ್ತೇನೆ ಎಂದಳು. ದಾಳ: ಹದಿನೆಂಟು. ಯಜಮಾನ ರಟ್ಟಿನ ಹಿಂದಿನಿಂದ ತನ್ನ ಎರಡೂ ಕೈ ಎತ್ತಿ ತಿರುಚಿ ತೋರಿಸಿದ. ಅಂಗೈ ಇರಬೇಕಾದ ಕಡೆ ಅಂಗೈ ಇಲ್ಲ. ಖರ್ಜೂರದ ತಟ್ಟೆಯನ್ನು ಅವನು ಹೊರಗೈಯಿಂದ ಹಿಡಿದಿದ್ದಾನೆ. ಮಾಯೆಯ ಮುಖ ಕಳಚಿದಾಗ ಹಿಂದೆ ಇದ್ದದ್ದು ಹುಲಿಯ ಮುಖ.

"ರಾಕ್ಷಸ!" ಎಂದು ಈಜಿಪ್ಷಿಯನ್ ಲೆಕ್ಕಿಗ ಕುರ್ಚಿ ಹಿಂದಕ್ಕೆ ತಳ್ಳಿದ. ನಮ್ಮ ಹುಡುಗ ನನ್ನ ಕಡೆ ನೋಡಿ ನಕ್ಕ.

ಯಕ್ಷಗಾನದಲ್ಲಿ ಚಿಟ್ಟಿ ಇಟ್ಟ ಬಣ್ಣದ ವೇಷ ರಾಳದ ಬೆಂಕಿಯ ನಡುವೆ ಅಬ್ಬರಿಸಿಕೊಂಡು ಬರುವುದನ್ನು ಕಂಡು ಬೆಳೆದವನಿಗೆ ಈ ನಯವಾದ ಹುಲಿಮುಖದವನನ್ನು ಒಪ್ಪಿಕೊಳ್ಳಲು ತುಸು ಕಷ್ಟ. ಇವನು ಬಂದ ದಾರಿ ಸುತ್ತುಬಳಸಿನದು. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬವರು ಡೇವ್ ಆರ್ನೆಸನ್ ಜೊತೆ ಸೇರಿ ರಚಿಸಿದ ಆಟವನ್ನು ಅಚ್ಚು ಹಾಕಿಸಿದರು. ಪೆಟ್ಟಿಗೆಯೊಳಗೆ ಮೂರು ಸಣ್ಣ ಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಆಟಕ್ಕೆ ದಿನಕ್ಕೊಂದು ಹೊಸ ಭೂತ ಬೇಕು. ಗ್ರೀಸು, ಅರೇಬಿಯ, ಭಾರತ, ಜಪಾನು, ಎಲ್ಲೆಲ್ಲಿ ಕೈಗೆ ಸಿಕ್ಕಿತೋ ಅಲ್ಲಿಂದ ಎತ್ತಿಕೊಂಡರು. ರಾಕ್ಷಸ ಅವರಿಗೆ ಸಿಕ್ಕಿದ್ದು ರಾಮಾಯಣದಲ್ಲಲ್ಲ, ಆ ದಶಕದ ಒಂದು ಅಮೆರಿಕನ್ ಟಿವಿ ಧಾರಾವಾಹಿಯ ಕಂತಿನಲ್ಲಿ. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಪುಸ್ತಕದಲ್ಲಿ ಡೇವಿಡ್ ಟ್ರ್ಯಾಂಪಿಯರ್ ಎಂಬ ಕಲಾವಿದ ಅವನಿಗೆ ಹುಲಿಯ ತಲೆ ಕೊಟ್ಟು, ಒಳ್ಳೆ ಅಂಗಿ ತೊಡಿಸಿ, ಕೈಗೊಂದು ಹೊಗೆಸೊಪ್ಪಿನ ಪೈಪು ಇಟ್ಟ. ಅಂದಿನಿಂದ ಜಗತ್ತಿನ ಮೇಜುಗಳಲ್ಲಿ ರಾಕ್ಷಸನೆಂದರೆ ಈ ಸಭ್ಯ ಹುಲಿ. ರಾವಣನ ಹತ್ತು ತಲೆಯಾಗಲಿ, ಮಹಿಷನ ಕೊಂಬಾಗಲಿ ಇಲ್ಲ.

ಇದಕ್ಕೆ ಸಿಟ್ಟು ಮಾಡಿಕೊಳ್ಳುವವರಿದ್ದಾರೆ. ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದಾದರೆ ಅದು ಬೇರೆ ಕಾರಣಕ್ಕೆ: ಎಲ್ಲರದ್ದನ್ನೂ ಕೇಳದೆ ಎತ್ತಿಕೊಂಡವರು ಆಮೇಲೆ ತಮ್ಮದರ ಸುತ್ತ ಬೇಲಿ ಹಾಕಿದರು. ಬೇಲಿಯ ರುಚಿ ಅವರಿಗೆ ಮೊದಲು ತೋರಿಸಿದವರು ಬೇರೆಯವರು. ಮೊದಲ ಮುದ್ರಣಗಳಲ್ಲಿ ಟೋಲ್ಕಿನ್ ಕಾದಂಬರಿಯ ಹಾಬಿಟ್‌ಗಳು, ಬ್ಯಾಲ್‌ರಾಗ್ ಹಾಗೆಹಾಗೇ ಇದ್ದವು. ಹಕ್ಕುದಾರರು ಕಣ್ಣು ಕೆಂಪಗೆ ಮಾಡಿದಾಗ ಹಾಬಿಟ್ ಹೋಗಿ ಹಾಫ್ಲಿಂಗ್ ಆಯಿತು, ಬ್ಯಾಲ್‌ರಾಗ್ ಬ್ಯಾಲರ್ ಆಯಿತು. ಪಾಠ ಕಲಿತ, ಈ ಆಟದ ಪ್ರಕಾಶಕರಾದ ಟಿಎಸ್‌ಆರ್ ಕಂಪನಿ 90ರ ದಶಕದಲ್ಲಿ ತಾನೇ ವಕೀಲರ ನೋಟಿಸು ಕಳಿಸಲು ಶುರುಮಾಡಿತು. ಅಭಿಮಾನಿಗಳು ತಾವು ಬರೆದ ಕಥೆಯನ್ನು ಅಂತರ್ಜಾಲದಲ್ಲಿ ಹಂಚಿಕೊಂಡರೂ ತಕರಾರು.

ಅದೇ ಕಾಲದಲ್ಲಿ, 1992ರಲ್ಲಿ, ಆ ಕಂಪನಿ ಅರೇಬಿಯವನ್ನು ಪೆಟ್ಟಿಗೆಗೆ ಹಾಕಿ ಮಾರಿತು. 'ಅಲ್-ಖದೀಮ್' ಅದರ ಹೆಸರು, ಬರೆದವರು ಜೆಫ್ ಗ್ರಬ್. ಜಖಾರಾ ಎಂಬ ಕಲ್ಪಿತ ನಾಡು. ಮಿನಾರು, ಮರಳು, ಹಡಗು, ಜಿನ್ನಿಗಳಿಗೆ ಆಳಿನ ಕೆಲಸ ಒಪ್ಪಿಸುವ ಮಾಂತ್ರಿಕರು. ಎಂಜಿನಿಯರನ ಬಳಿ ಹಳೆಯ ಪ್ರತಿ ಇದೆ. ಚಿನ್ನದ ಬಣ್ಣದ ಅಂಚಿನ ಪುಟಗಳು, ಬಹಳ ಮುದ್ದಾದ ಪುಸ್ತಕ. ಹೊರದೇಶದ ಅಂಗಡಿಯಲ್ಲಿ ಅದನ್ನು ಕಂಡಾಗ ಕುಣಿದಾಡಿದನಂತೆ. ಆಡಲು ಕೂತಾಗ ಮಾತ್ರ ಅದು ಮೇಜಿಗೆ ಒಗ್ಗಲಿಲ್ಲ. ಅದು ಸಾವಿರದ ಒಂದು ರಾತ್ರಿ ಓದಿದವರ ಅರೇಬಿಯ, ಹಾಲಿವುಡ್ಡಿನ ಸಿಂದಬಾದ್ ನೋಡಿದವರ ಅರೇಬಿಯ. ಬಾಗ್ದಾದಿನ ಒಂದು ಚೂರು, ಇಸ್ತಾಂಬುಲಿನ ಒಂದು ಚೂರು, ಎಲ್ಲ ಸೇರಿಸಿ ಹೊಲಿದದ್ದು. ಕತೀಫಿನ ಖರ್ಜೂರದ ತೋಟ ಅದರಲ್ಲಿಲ್ಲ, ಅಸೀರ್ ಬೆಟ್ಟದ ಮಳೆ ಇಲ್ಲ, ಈ ಕೊಲ್ಲಿಯ ಮುತ್ತಿಲ್ಲ. ಜೊತೆಗೆ ಜಿನ್ನಿನ ತೊಡಕು ಬೇರೆ. ಅಮೆರಿಕನ್ ಹುಡುಗನಿಗೆ ಜಿನ್ನು ಎಂದರೆ ದೀಪದಿಂದ ಬರುವ ಹೊಗೆ. ಈ ಮೇಜಿನ ನಾಲ್ವರಿಗೆ ಅದು ಕುರಾನಿನ 72ನೇ ಅಧ್ಯಾಯ. ಅದನ್ನು ಹೊಡೆದು ಅಂಕ ಗಳಿಸುವುದು ತಮಾಷೆಯೆಂದು ಅವರಿಗೆ ಅನಿಸುವುದಿಲ್ಲ. ಹಾಗಾಗಿ ಈ ಮೇಜಿಗೆ ಮೊದಲ ದಿನವೇ ಒಪ್ಪಂದವಾಗಿದೆ: ಜಿನ್ನು ಬೇಡ, ದೇವರುಗಳ ಪಟ್ಟಿ ಬೇಡ, ಹಣ ಕಟ್ಟುವುದಂತೂ ಬೇಡವೇ ಬೇಡ. ಗುಣಪಡಿಸುವ ಶಕ್ತಿ ಇರುವ ಪಾತ್ರ ಪುರೋಹಿತನಲ್ಲ, ಹಕೀಮ.

ಮನೆಯ ಮೇಜಿನಲ್ಲಿ ಹೀಗೆ ಕತ್ತರಿಸಿ ಹೊಲಿಯಲು ಯಾರಪ್ಪಣೆಯೂ ಬೇಡ. ಅದನ್ನೇ ಪುಸ್ತಕ ಮಾಡಿ ನಾಲ್ಕು ಜನಕ್ಕೆ ಹಂಚಲು ಹೊರಟಾಗ ಪ್ರಶ್ನೆ ಏಳುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಆಟದ ವಿಧಾನಕ್ಕೆ ಕೃತಿಸ್ವಾಮ್ಯ ಇಲ್ಲ; ಅದನ್ನು ವಿವರಿಸಿ ಬರೆದ ವಾಕ್ಯಕ್ಕೆ ಇದೆ. ಇಪ್ಪತ್ತರ ದಾಳ ಹಾಕಿ ಕೂಡಿಸು ಎನ್ನುವುದು ಯಾರ ಸ್ವತ್ತೂ ಅಲ್ಲ. ಗೆರೆ ಎಲ್ಲಿದೆ ಎಂದು ನ್ಯಾಯಾಲಯವೇ ಹೇಳಬೇಕು, ಅಲ್ಲಿಗೆ ಹೋಗುವಷ್ಟು ದುಡ್ಡು ಆಟ ಬರೆಯುವವರಲ್ಲಿ ಇರುವುದಿಲ್ಲ. ಈ ಭಯಕ್ಕೆ ಮದ್ದು ಹುಡುಕಿದವರು ರಯಾನ್ ಡ್ಯಾನ್ಸಿ. ಟಿಎಸ್‌ಆರ್ ಅನ್ನು 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತ್ತು. ಅದನ್ನು 1999ರಲ್ಲಿ ಆಟಿಕೆ ಕಂಪನಿ ಹ್ಯಾಸ್‌ಬ್ರೋ ಕೊಂಡಿತ್ತು. ಮುಕ್ತ ತಂತ್ರಾಂಶದವರ ಪರವಾನಗಿಯಿಂದ ಪ್ರೇರಣೆ ಪಡೆದ ಡ್ಯಾನ್ಸಿ 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ತಂದರು. ನಿಯಮಗಳನ್ನು ಯಾರು ಬೇಕಾದರೂ ಬಳಸಿ ಪುಸ್ತಕ ಬರೆಯಿರಿ, ಮಾರಿರಿ, ಕಾಸು ಕೊಡಬೇಡಿ. ನಮ್ಮ ಹೆಸರಾಂತ ಪಾತ್ರ, ಊರು, ಕೆಲವು ಭೂತಗಳನ್ನು ಮಾತ್ರ ಮುಟ್ಟಬೇಡಿ. ಔದಾರ್ಯವೂ ಹೌದು, ವ್ಯಾಪಾರವೂ ಹೌದು. ಎಲ್ಲರೂ ಅದೇ ನಿಯಮದಲ್ಲಿ ಆಡಿದರೆ ಮೂಲ ಪುಸ್ತಕ ಕೊಳ್ಳುವವರು ಹೆಚ್ಚುತ್ತಾರೆಂಬ ಲೆಕ್ಕ.

ಎರಡು ದಶಕ ಜಗತ್ತು ಆ ಮಾತನ್ನು ನಂಬಿ ಅಂಗಡಿ ತೆರೆಯಿತು. 2023ರ ಜನವರಿಯ ಮೊದಲ ವಾರ ಕಂಪನಿಯ ಹೊಸ ಕರಡು ಸೋರಿಕೆಯಾಯಿತು. ಹಳೆಯ ಪರವಾನಗಿಗೆ ಇನ್ನು ಮಾನ್ಯತೆ ಇಲ್ಲ. ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗಿಂತ ಹೆಚ್ಚು ವಹಿವಾಟು ಮಾಡುವವರು ಮೇಲಿನ ಮೊತ್ತದ ಕಾಲು ಭಾಗದವರೆಗೆ ಕಪ್ಪ ಕಟ್ಟಬೇಕು. ಎದ್ದ ಗಲಾಟೆ ಕಂಪನಿ ಊಹಿಸಿದ್ದಕ್ಕಿಂತ ದೊಡ್ಡದು. ಜನ ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದರು, ಅದಕ್ಕಿಂತ ಚುರುಕಾಗಿ ಕಂಪನಿಯ ಅಂತರ್ಜಾಲ ಸೇವೆಯ ಚಂದಾ ರದ್ದು ಮಾಡಿದರು. ಪಾಥ್‌ಫೈಂಡರ್ ಆಟದ ಪೈಝೋ ಕಂಪನಿ ಓಆರ್‌ಸಿ ಎಂಬ ಬೇರೆಯೇ ಪರವಾನಗಿ ಬರೆಸಲು ಹೊರಟಿತು. ಜನವರಿ 27ಕ್ಕೆ ವಿಝರ್ಡ್ಸ್ ಬಾಗಿತು. ಬರೀ ಹಿಂದೆ ಸರಿಯಲಿಲ್ಲ. ಐದನೇ ಆವೃತ್ತಿಯ ನಿಯಮಸಾರವನ್ನು ಕ್ರಿಯೇಟಿವ್ ಕಾಮನ್ಸಿಗೆ ಬಿಟ್ಟುಕೊಟ್ಟಿತು. ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವಂತಿಲ್ಲದ ಪರವಾನಗಿ ಅದು. ಮೂಲ ಯಾರದೆಂದು ಒಂದು ಸಾಲು ಹಾಕಿದರೆ ಸಾಕು. ಅರಬ್ಬಿಗೆ ಅನುವಾದಿಸು, ಕನ್ನಡಕ್ಕೆ ತಾ, ಬದಲಿಸು, ಮಾರು, ಕೇಳುವವರಿಲ್ಲ.

ಆ ನಿಯಮಸಾರದ ಕಡತ ಸುರತ್ಕಲ್ ಹುಡುಗನ ಟ್ಯಾಬಿನಲ್ಲಿದೆ. ಸುಮಾರು 400 ಪುಟ, ಚಿತ್ರವಿಲ್ಲ, ಅಲಂಕಾರವಿಲ್ಲ. ಬಿಟ್ಟುಕೊಡುವಾಗಲೂ ಎಷ್ಟು ಅಳೆದು ತೂಗಿದ್ದಾರೆಂದು ನೋಡಬೇಕು. ಹನ್ನೆರಡು ವೃತ್ತಿ ಇವೆ, ಒಂದೊಂದಕ್ಕೂ ಒಂದೇ ಕವಲು. ಪಾತ್ರದ ಹಿನ್ನೆಲೆ ಒಂದೇ ಒಂದು. ವಿಶೇಷ ಪಟ್ಟು ಒಂದೇ, ಅದೂ ಹಿಡಿದು ಕೆಡಹುವುದು. ಹಲವು ಕಣ್ಣುಗಳ ಬಿಹೋಲ್ಡರ್ ಇಲ್ಲ, ಮಿದುಳು ತಿನ್ನುವ ಮೈಂಡ್ ಫ್ಲೇಯರ್ ಇಲ್ಲ. ಅವು ಕಂಪನಿಯ ಸ್ವಂತ ಮಕ್ಕಳು. ಆದರೆ ಜಿನ್ನಿ ಇದೆ, ಇಫ್ರೀತ್ ಇದೆ, ಸಿಂದಬಾದನ ರೋಕ್ ಹಕ್ಕಿ ಇದೆ, ಗೂಲ್ ಇದೆ. ರಾಕ್ಷಸ ಇದ್ದಾನೆ, ರಕ್ಷಣೆ 16, ಪ್ರಾಣ 110, ಆರನೇ ಮೆಟ್ಟಿಲಿನವರೆಗಿನ ಯಾವ ಮಂತ್ರವೂ ಅವನಿಗೆ ತಗಲದು. ಎರವಲು ತಂದವನ್ನು ಬೇಲಿಯ ಹೊರಗೇ ಬಿಡಬೇಕಾಯಿತು. ಬೇಲಿಯೊಳಗೆ ಉಳಿದದ್ದು ನಿಜವಾಗಿ ಅವರೇ ಹುಟ್ಟಿಸಿದ್ದು. ಇದು ನ್ಯಾಯವೇ ಎಂದು ಕೇಳಿದರೆ, ಬಹುಮಟ್ಟಿಗೆ ನ್ಯಾಯವೇ ಎನ್ನುತ್ತೇನೆ.

ಆಟಗಳ ವಿಷಯದಲ್ಲಿ ಸೌದಿಯ ಮನಸ್ಸು ಬದಲಾದ ವೇಗವನ್ನೂ ಇಲ್ಲಿ ನೆನೆಯಬೇಕು. 2001ರಲ್ಲಿ ಪೋಕೆಮಾನ್ ನಿಷೇಧ. 2016ರ ಜನವರಿಯಲ್ಲಿ ಮಹಾಮುಫ್ತಿಗಳು ಚದುರಂಗವೂ ನಿಷಿದ್ಧವೆಂದರು, ಹೊತ್ತು ಹಾಳು, ಹಗೆಗೆ ದಾರಿ ಎಂದು. ಮರುವರ್ಷದ ಡಿಸೆಂಬರಿನಲ್ಲಿ ಅದೇ ದೇಶದ ರಿಯಾದಿನಲ್ಲಿ ದೊರೆಯ ಹೆಸರಿನಲ್ಲೇ ವಿಶ್ವ ರ‍್ಯಾಪಿಡ್ ಚದುರಂಗ ನಡೆದು ನಮ್ಮ ವಿಶ್ವನಾಥನ್ ಆನಂದ್ ಗೆದ್ದರು. 2017ರಲ್ಲಿ ಜೆದ್ದಾದಲ್ಲಿ ಕಾಮಿಕ್ ಕಾನ್, 2018ರಲ್ಲಿ ಹತ್ತು ಲಕ್ಷ ರಿಯಾಲು ಬಹುಮಾನದ ಸರಕಾರಿ ಬಲೂತ್ ಪಂದ್ಯಾವಳಿ, 2024ರಲ್ಲಿ ಇ-ಸ್ಪೋರ್ಟ್ಸ್ ವಿಶ್ವಕಪ್. ದೇಶದ ಹೂಡಿಕೆ ನಿಧಿಯ ಸ್ಯಾವಿ ಸಂಸ್ಥೆ 2023ರಲ್ಲಿ 490 ಕೋಟಿ ಡಾಲರ್ ಕೊಟ್ಟು ಸ್ಕೋಪ್ಲಿ ಕಂಪನಿಯನ್ನು ಕೊಂಡಿತು. ಸ್ಕೋಪ್ಲಿಯ ದೊಡ್ಡ ಗಳಿಕೆ 'ಮೊನಾಪಲಿ ಗೋ' ಎಂಬ ಮೊಬೈಲ್ ಆಟದ್ದು. ಮೊನಾಪಲಿ ಹ್ಯಾಸ್‌ಬ್ರೋದ್ದು; ಪರವಾನಗಿ ಪಡೆದು ಆಡಿಸಬೇಕು, ಪಾಲು ಕೊಡಬೇಕು. ಹೀಗೆ ಸೌದಿ ಒಡೆತನದ ಕಂಪನಿಯಿಂದ ಹ್ಯಾಸ್‌ಬ್ರೋಗೆ ಒಂದು ಕಡೆ ಡಾಲರುಗಳ ಹೊಳೆ ಹರಿಯುತ್ತಿದ್ದರೆ, ಇನ್ನೊಂದು ಕಡೆ ಖೋಬಾರಿನ ಮಹಡಿಯಲ್ಲಿ ಅದೇ ಹ್ಯಾಸ್‌ಬ್ರೋದ ಆಟದ ನಿಯಮ ಹಿಡಿದು ಆರು ಜನ ಬಿಡಿಗಾಸು ಕೊಡದೆ ಕೂತಿದ್ದಾರೆ. ಕಾಫಿ ಅಂಗಡಿಯವನಿಗೆ ಮಾತ್ರ ಚಹಾದ ದುಡ್ಡು ಹೋಗುತ್ತದೆ.

ರಾಕ್ಷಸನ ಕಥೆ ಆ ರಾತ್ರಿ ಕಾದಾಟವಿಲ್ಲದೆ ಮುಗಿಯಿತು. 110 ಪ್ರಾಣದವನ ಮೇಲೆ ಬೀಳುವ ಶಕ್ತಿ ಈ ತಂಡಕ್ಕಿಲ್ಲ. ದಂತವೈದ್ಯೆ ಜಾಣೆ; ಮೂರು ದಿನದ ಆತಿಥ್ಯ ನೀನೇ ಘೋಷಿಸಿದ್ದೀಯ, ನಾವು ನಿನ್ನ ಖರ್ಜೂರ ತಿಂದಾಗಿದೆ ಎಂದು ಅವನ ಮಾತಿನಲ್ಲೇ ಅವನನ್ನು ಕಟ್ಟಿಹಾಕಿದಳು. ಯಜಮಾನ ದಾಳ ಕೇಳಲೇ ಇಲ್ಲ. ಶೇಣಿಯವರು ಇದ್ದಿದ್ದರೆ ತಲೆದೂಗುತ್ತಿದ್ದರು.

ಆಮೇಲೆ ಎಂಜಿನಿಯರ್ ಚೀಲದಿಂದ ತನ್ನ ಹಸ್ತಪ್ರತಿ ತೆಗೆದ. ಅಲ್-ಖದೀಮ್ ಮುಚ್ಚಿಟ್ಟ ಮೇಲೆ ತಾನೇ ಬರೆಯತೊಡಗಿದ ನಾಡು ಅದು, ಮುಕ್ತ ನಿಯಮದ ಮೇಲೆ ಕಟ್ಟಿದ್ದು. ಜಾಗ ದೂರದ್ದಲ್ಲ: ಕತೀಫಿಗೆ ತಾಗಿದ ತಾರೂತ್ ದ್ವೀಪದ ದಾರೀನ್ ಬಂದರು. ಹಿಂದೆ ಭಾರತದ ಕಸ್ತೂರಿ ಬಂದು ಇಳಿಯುತ್ತಿದ್ದುದು ಅಲ್ಲಿ, ಕೊಲ್ಲಿಯ ಮುತ್ತು ಮಾರಾಟವಾಗುತ್ತಿದ್ದುದೂ ಅಲ್ಲಿ. ಕಾಲ, ಜಪಾನಿನ ಸಾಕು ಮುತ್ತು ಮಾರುಕಟ್ಟೆಗೆ ಬರುವುದಕ್ಕೆ ಮುಂಚೆ, 1938ರಲ್ಲಿ ಪಕ್ಕದ ದಹ್ರಾನಿನ ಏಳನೇ ಬಾವಿಯಲ್ಲಿ ಎಣ್ಣೆ ಉಕ್ಕುವುದಕ್ಕೂ ಮುಂಚೆ. ಪಾತ್ರಗಳೆಲ್ಲ ಒಂದೇ ದೋಣಿಯವರು. ನಖುದಾ ನಾಯಕ, ಮುಳುಗುವವನು ಘೈಸ್, ಹಗ್ಗ ಹಿಡಿದು ಮೇಲೆಳೆಯುವವನು ಸೈಬ್, ಹಾಡುವವನು ನಹ್ಹಾಮ್. ಮೂಲ ಆಟದ ಗಾಯಕ ವೃತ್ತಿಯನ್ನು ಅವನು ನಹ್ಹಾಮನಿಗೆ ಹೊಂದಿಸಿದ್ದಾನೆ; ಹಾಡಿದರೆ ಜೊತೆಗಾರರ ದಾಳಕ್ಕೆ ಬಲ. ಉಸಿರು ಕಟ್ಟುವ ನಿಯಮವನ್ನು ಮುಟ್ಟಬೇಕಾಗಲಿಲ್ಲ. ಪುಸ್ತಕದ ಪ್ರಕಾರ ಸಾಮಾನ್ಯ ದೇಹದವನು ಒಂದು ನಿಮಿಷ ಉಸಿರು ಹಿಡಿಯಬಲ್ಲ, ಗಟ್ಟಿ ಮೈಯವನಿಗೆ ಅದರ ಮೇಲೆ ಒಂದೆರಡು ನಿಮಿಷ ಹೆಚ್ಚು. ಕಲ್ಲು ಕಟ್ಟಿಕೊಂಡು, ಮೂಗಿಗೆ ಚಿಮಟ ಹಾಕಿಕೊಂಡು ಇಳಿಯುತ್ತಿದ್ದ ಮುಳುಗುಗಾರರ ಲೆಕ್ಕವೂ ಹೆಚ್ಚುಕಡಿಮೆ ಆ ಒಂದು ನಿಮಿಷದ ಆಸುಪಾಸಿನದೇ. ಅವನ ನಾಡಿನಲ್ಲಿ ಡ್ರ್ಯಾಗನ್ ಇಲ್ಲ. ಅದರ ಜಾಗದಲ್ಲಿ ಸಾಲದ ಪುಸ್ತಕ ಇದೆ. ನಖುದಾ ಋತುವಿಗೆ ಮುಂಚೆ ಮುಂಗಡ ಕೊಡುತ್ತಾನೆ, ಮುತ್ತು ಸಿಗದಿದ್ದರೆ ಸಾಲ ಬೆಳೆಯುತ್ತದೆ, ಅಪ್ಪ ಸತ್ತರೆ ಮಗನ ತಲೆಗೆ. ಪ್ರತಿ ಋತುವಿನ ಕೊನೆಗೆ ದಾಳ ಹಾಕಬೇಕಾದದ್ದು ಅದರ ಎದುರು.

ಇದನ್ನು ಅವನೂ ಕ್ರಿಯೇಟಿವ್ ಕಾಮನ್ಸಿನಲ್ಲೇ ಬಿಡುತ್ತಾನಂತೆ. ಹಾಡುಗಳನ್ನು ಮಾತ್ರ ಸೇರಿಸಿಲ್ಲ. ಕೆಲವು ಮುದುಕರಿಗೆ ಇನ್ನೂ ನೆನಪಿವೆ, ಅವರನ್ನು ಕೇಳದೆ ಕೊಡಲು ತನ್ನ ಕೈಯಲ್ಲಿಲ್ಲ ಎಂದ. ಈ ಮಾತು ಲೇಕ್ ಜಿನೀವಾದಲ್ಲಿ 1974ರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹಸ್ತಪ್ರತಿಯಲ್ಲಿದ್ದ ನಕ್ಷೆಯ ಕೆಳ ಅಂಚು ಖಾಲಿಯಿತ್ತು, ಅಲ್ಲಿ ಬರೀ 'ಹಿಂದ್' ಎಂದು ಬರೆದು ಒಂದು ಬಾಣದ ಗುರುತು. ಸುರತ್ಕಲ್ ಹುಡುಗ ಬೆರಳಿಟ್ಟು ಕೇಳಿದ: ನಮ್ಮ ಕಡೆ ಏನೂ ಇಲ್ಲವಾ? ನನಗೆ ಗೊತ್ತಿಲ್ಲ, ನೀನೇ ಬರಿ, ಪರವಾನಗಿ ಹೇಗೂ ತೆರೆದೇ ಇದೆ ಎಂದು ಎಂಜಿನಿಯರ್ ಪೆನ್ಸಿಲ್ ದಾಟಿಸಿದ. ಹುಡುಗ ನನ್ನ ಮುಖ ನೋಡಿದ. ನಾನು ಭಟ್ಕಳ ಎಂದೆ. ವಿಜಯನಗರಕ್ಕೆ ಅರಬ್ಬಿ ಕುದುರೆ ಇಳಿಯುತ್ತಿದ್ದ ಬಂದರು. ಕಾಲವನ್ನು ಮುನ್ನೂರು ನಾನೂರು ವರ್ಷ ಹಿಂದಕ್ಕೆ ತಳ್ಳಿದರೆ ಕಥೆ ತಾನಾಗಿ ಹೊಂದುತ್ತದೆ. ಕುದುರೆಗಳು ಕಡಲಿನಲ್ಲಿ ಸಾಯುತ್ತಿದ್ದವು. ಹಾಗೆಂದು ವ್ಯಾಪಾರಿಗಳು ಬರುವುದು ನಿಲ್ಲಬಾರದಲ್ಲ. ವಿಜಯನಗರದ ದೊರೆ ಸಾಳುವ ನರಸಿಂಹ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನುನೀಜ್ ಬರೆದಿಟ್ಟಿದ್ದಾನೆ. ದಾರಿಯಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕಿತ್ತು.

ಮೇಜು ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಂದು ಬಾಲಕ್ಕೆ ಎಷ್ಟು ವರಹ? ಬಾಲ ಲೆಕ್ಕ ಹಾಕುವವನು ಯಾರು, ಅವನಿಗೆ ಲಂಚ ಕೊಡಬಹುದೇ? ಕಳ್ಳಿಯ ಪಾತ್ರದ ನರ್ಸಮ್ಮ ಖರ್ಜೂರದ ಬೀಜ ತಟ್ಟೆಗೆ ಹಾಕಿ, ಬದುಕಿರುವ ಕುದುರೆಯ ಬಾಲ ಕತ್ತರಿಸಿ ತೋರಿಸಿ ಕುದುರೆಯನ್ನು ಬೇರೆ ಬಂದರಿನಲ್ಲಿ ಮಾರಿದರೆ ಏನಾಗುತ್ತದೆ ಎಂದು ಕೇಳಿದಳು.

"ದಾಳ ಹಾಕು" ಎಂದ ಎಂಜಿನಿಯರ್.